ಮೂರನೇ ಕ್ಲಾಸಿನ ಮಳೆಕೊಯ್ಲು: ಅಪ್ಪ ಅಮ್ಮಂದಿರಿಗೊಂದು ಕೈಪಿಡಿ

ಬೆಂಗಳೂರಿನಲ್ಲಿ ಮೂರನೇ ಕ್ಲಾಸು ಪಾಸು ಮಾಡಲು ಈಗ ಬೇಕಾಗುವ ಕನಿಷ್ಠ ಅರ್ಹತೆ ಇಷ್ಟು: ಸಿವಿಲ್ ಎಂಜಿನಿಯರಿಂಗ್ ಓದಿದ ಅಪ್ಪ, ಅಕ್ಷರ ದುಂಡಗಿರುವ ಅಮ್ಮ, ರಾತ್ರಿ ಒಂಬತ್ತಾದರೂ ಶಟರ್ ಎಳೆಯದ ಒಂದು ಸ್ಟೇಷನರಿ ಅಂಗಡಿ. ಮಗುವೂ ಒಂದಿದ್ದರೆ ಒಳ್ಳೆಯದು, ಹಾಜರಾತಿಗೆ ಬೇಕಾಗುತ್ತದೆ.

ಎಲ್ಲವೂ ಕಾನೂನು ಪ್ರಕಾರವೇ ನಡೆಯುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ ಮಕ್ಕಳು ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಕಲಿಯಬೇಕು, ಕಲಿಕೆ ಮಗುಕೇಂದ್ರಿತವಾಗಿರಬೇಕು ಎಂದಿದೆ. ಇದನ್ನು ನಮ್ಮ ಮನೆಗಳು ಚಾಚೂ ತಪ್ಪದೆ ಪಾಲಿಸುತ್ತಿವೆ. ನಡುಮನೆಯ ಮಧ್ಯೆ ಮಗುವನ್ನು ಕೂರಿಸಿ, ಸುತ್ತಲೂ ಅಪ್ಪ, ಅಮ್ಮ, ಚಿಕ್ಕಪ್ಪ, ರಜಕ್ಕೆ ಬಂದ ಸೋದರತ್ತೆ ಕೂತು, ಶಾಲೆಗೆ ಒಪ್ಪಿಸಬೇಕಾದ ಮಾಡೆಲ್ಲಿಗೆ ಥರ್ಮೋಕೋಲ್ ಕೊಯ್ಯುತ್ತಾರೆ. ಕೇಂದ್ರದಲ್ಲಿ ಮಗುವೇ ಇದೆ. ಕೈ ಆಡಿಸಲು ಬಂದರೆ ಮಾತ್ರ, "ಮುಟ್ಟಬೇಡ ಪುಟ್ಟ, ಹಾಳಾಗತ್ತೆ" ಎಂಬ ಸೂಚನೆ ಹೊರಡುತ್ತದೆ.

ರಾಜ್ಯ ಸರ್ಕಾರ 2019ರಲ್ಲಿ ಒಂದು ಆದೇಶ ಹೊರಡಿಸಿತು. ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡಕೂಡದು, ಮೂರರಿಂದ ಐದನೇ ತರಗತಿಯವರ ಬ್ಯಾಗು 2ರಿಂದ 3 ಕಿಲೋ ಮೀರಕೂಡದು, ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ. ಒಳ್ಳೆಯ ಆದೇಶ. ಆದರೆ ಅದು ತೂಗಲು ಹೇಳಿದ್ದು ಬ್ಯಾಗನ್ನು. ಎರಡು ಅಡಿ ಪ್ಲೈವುಡ್ಡಿನ ಮೇಲೆ ಎದ್ದು ನಿಂತ ಮನೆ, ಕಾಂಪೌಂಡು, ನೀರು ತುಂಬಿದ ತೊಟ್ಟಿ, ಬ್ಯಾಟರಿ ಬ್ಯಾಗಿನೊಳಗೆ ಹೋಗುವುದೇ ಇಲ್ಲವಾದ್ದರಿಂದ ಅದರ ತೂಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬ್ಯಾಗಿಲ್ಲದ ಶನಿವಾರವೇ ಇಂಥವಕ್ಕೆ ಪ್ರಶಸ್ತ, ಎರಡೂ ಕೈ ಖಾಲಿ ಇರುತ್ತವೆ.

ಈಗ ವಿಷಯಕ್ಕೆ ಬರೋಣ. ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಎಂಟೂ ನಲವತ್ತಕ್ಕೆ ಸಂದೇಶ ಬೀಳುತ್ತದೆ: ಪರಿಸರ ಅಧ್ಯಯನ, ಮಳೆನೀರು ಕೊಯ್ಲು, ವರ್ಕಿಂಗ್ ಮಾಡೆಲ್, ನಾಳಿದ್ದು ತರುವುದು. ಮಗುವೇ ಮಾಡಿರಬೇಕು. ನೀಟಾಗಿರಬೇಕು. ಎಂಟು ವರ್ಷದ ಕೈ ಮಾಡಿದ್ದು ನೀಟಾಗಿರುವುದಿಲ್ಲ, ನೀಟಾಗಿದ್ದರೆ ಅದು ಆ ಕೈ ಮಾಡಿದ್ದಲ್ಲ. ಇದು ಸಂದೇಶ ಕಳಿಸಿದವರಿಗೂ ಗೊತ್ತು, ಓದಿ ಹೆಬ್ಬೆಟ್ಟು ಒತ್ತಿದ ನಲವತ್ತು ಮನೆಯವರಿಗೂ ಗೊತ್ತು. ಆದರೂ ನೀಟ್‌ನೆಸ್ಸಿಗೆ ಐದು ಅಂಕ.

ಅಂಗಡಿಯವನಿಗೆ ಏನು ಬೇಕೆಂದು ವಿವರಿಸುವ ಅಗತ್ಯವಿಲ್ಲ. "ಯಾವ ಸ್ಕೂಲು ಸಾರ್?" ಅನ್ನುತ್ತಾನೆ, ಹೆಸರು ಹೇಳಿದರೆ ಪೂರ್ತಿ ಸೆಟ್ ಕಟ್ಟಿಡುತ್ತಾನೆ. ಆ ಶಾಲೆಯ ವಾರ್ಷಿಕ ಪಾಠ ಯೋಜನೆ ಹೆಡ್‌ಮಿಸ್‌ಗಿಂತ ಅವನಿಗೇ ಚೆನ್ನಾಗಿ ಗೊತ್ತು. ಜೂನ್‌ನಲ್ಲಿ ಮಳೆಕೊಯ್ಲು, ಜುಲೈನಲ್ಲಿ ಸೌರಮಂಡಲ, ಅಕ್ಟೋಬರಿನಲ್ಲಿ ಜ್ವಾಲಾಮುಖಿ. (ಮುನ್ನೂರು ಕೋಟಿ ವರ್ಷದ ಹಿಂದಿನ ಬಂಡೆ ಲಾಲ್‌ಬಾಗಿನಲ್ಲಿ ಹತ್ತಿ ಕೂರಲು ಸಿಗುವ ಊರಿನಲ್ಲಿ, ಅಡುಗೆ ಸೋಡಾಕ್ಕೆ ವಿನಿಗರ್ ಹೊಯ್ದು ನೊರೆ ಬರಿಸಿ ಅದನ್ನು ಭೂವಿಜ್ಞಾನ ಅನ್ನುವುದು ಬೇರೆಯದೇ ಲೇಖನದ ವಸ್ತು.)

ಕೆಲಸ ಹೀಗೆ. ಗೋಡೆಗೆ ಅರ್ಧ ಇಂಚಿನ ಥರ್ಮೋಕೋಲ್, ಬುಡಕ್ಕೆ ಒಂದು ಇಂಚಿನದು. ಕಟರ್‌ನ ಬ್ಲೇಡು ಹೊಸದಿರಬೇಕು, ಹಲಗೆಗೆ ಓರೆಯಾಗಿ ಹಿಡಿದು ಎರಡು ಮೂರು ಸಲ ಎಳೆದು ಕೊಯ್ಯಬೇಕು. ಒಂದೇ ಏಟಿಗೆ ಒತ್ತಿದರೆ ಅಂಚು ಕಿತ್ತು ಬಿಳಿ ಗುಳ್ಳೆ ಉದುರುತ್ತದೆ. ಫ್ಯಾನ್ ಹಾಕಿದ್ದರೆ ಆ ಗುಳ್ಳೆಗಳು ಯುಗಾದಿಯವರೆಗೂ ಸೋಫಾ ಸಂದಿಯಲ್ಲಿ ಸಿಗುತ್ತವೆ. ಅಂಟಿಗೆ ಬಿಳಿ ಫೆವಿಕಾಲೇ ಸರಿ. ಆದರೆ ಅದು ನೀರಿನ ಅಂಶ ಆರಿದಾಗಲಷ್ಟೇ ಹಿಡಿಯುವ ಅಂಟು, ಎರಡು ಥರ್ಮೋಕೋಲ್ ಹಲಗೆಯ ನಡುವೆ ಆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಹಾಗಾಗಿ ಗುಂಡುಪಿನ್ನು ಇಲ್ಲವೇ ಟೂತ್‌ಪಿಕ್ ಚುಚ್ಚಿ ರಾತ್ರಿಯಿಡೀ ಬಿಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ ಎಂದು ಅಪ್ಪ ಫೆವಿಕ್ವಿಕ್ ತೆಗೆಯುತ್ತಾರೆ. ಅದು ಥರ್ಮೋಕೋಲನ್ನು ಅಂಟಿಸುವ ಬದಲು ತಿನ್ನುತ್ತದೆ, ಗೋಡೆಯಲ್ಲಿ ಬಾಗಿಲೊಂದು ತಾನಾಗಿಯೇ ಮೂಡುತ್ತದೆ. ಮುಚ್ಚಲು ಸ್ಪ್ರೇ ಪೇಂಟ್ ಹೊಡೆದರೆ ಅದರ ಥಿನ್ನರ್ ಮಿಕ್ಕ ಗೋಡೆಯನ್ನೂ ಕರಗಿಸುತ್ತದೆ. ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಲ್ಲೇ ಹಚ್ಚಬೇಕು. ಈ ಹಂತದಲ್ಲಿ ಮಗು ನಿಜಕ್ಕೂ ಒಂದಿಷ್ಟು ಕಲಿಯುತ್ತದೆ, ಆದರೆ ಅಪ್ಪನ ಬಾಯಿಂದ ಬಂದ ಆ ಪದಗಳು ಯಾವ ಪಠ್ಯದಲ್ಲೂ ಇಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಕೂಡ ಇದೆ, 2022ರ ಜುಲೈ 1ರಿಂದ. ನಮ್ಮದು ಅಲಂಕಾರವಲ್ಲ, ಶಿಕ್ಷಣ ಎಂದು ವಾದಿಸಬಹುದು. ನೋಡಿದವರು ಒಪ್ಪುವುದು ಕಷ್ಟ. ಹೇಗೂ ಕಾಂಪೌಂಡಿನ ಮೇಲೆ "ಪರಿಸರ ಉಳಿಸಿ" ಎಂಬ ಬೋರ್ಡು ಇರುತ್ತದೆ, ಅದೂ ಥರ್ಮೋಕೋಲಿನದೇ.

ಚಾವಣಿಯ ನೀರು ಇಳಿಯಲು ಸ್ಟ್ರಾವನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿಕೊಳ್ಳಿ. ಕೆಳಗಿನ ಪೈಪಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡ್ರಿಪ್ ಸೆಟ್ಟಿನ ಕೊಳವೆ ಅತ್ಯುತ್ತಮ, ನೀರು ಹರಿಯುವುದು ಹೊರಗೇ ಕಾಣುತ್ತದೆ, ಹರಿವು ಹೆಚ್ಚು ಕಡಿಮೆ ಮಾಡಲು ಚಕ್ರವೂ ಇರುತ್ತದೆ. ಫಿಲ್ಟರಿಗೆ ಅರ್ಧ ಲೀಟರಿನ ಬಾಟಲಿಯ ತಳ ಕೊಯ್ದು ತಲೆಕೆಳಗು ಮಾಡಿ, ಕತ್ತಿನಲ್ಲಿ ಹತ್ತಿ, ಅದರ ಮೇಲೆ ಇದ್ದಿಲು, ಸಣ್ಣ ಮರಳು, ದಪ್ಪ ಮರಳು, ಎಲ್ಲಕ್ಕಿಂತ ಮೇಲೆ ಜಲ್ಲಿ. ಇದ್ದಿಲನ್ನು ತಿಳಿನೀರು ಬರುವವರೆಗೆ ತೊಳೆಯಬೇಕು. ನೂರಕ್ಕೆ ತೊಂಬತ್ತು ಮನೆಯವರು ಎಡವುವುದು ಇಲ್ಲೇ. ತೊಳೆಯದಿದ್ದರೆ ಮೇಲಿಂದ ಸುರಿದ ಕಾವೇರಿ ನೀರು ಕೆಳಗೆ ಡಾಂಬರಿನ ಬಣ್ಣದಲ್ಲಿ ಇಳಿಯುತ್ತದೆ, ಪಕ್ಕದಲ್ಲೇ ಮಗು "ದಿಸ್ ಈಸ್ ಪ್ಯೂರ್ ವಾಟರ್" ಅನ್ನುತ್ತಿರುತ್ತದೆ. ಹುಲ್ಲುಹಾಸಿಗೆ ಮರದ ಪುಡಿಗೆ ಹಸಿರು ಬಣ್ಣ ಹಾಕಿದ್ದರೆ, ಅದು ಒದ್ದೆಯಾದ ಕೂಡಲೇ ಬಣ್ಣ ಬಿಟ್ಟು ತೊಟ್ಟಿಯಲ್ಲಿ ಬೆಳ್ಳಂದೂರು ಕೆರೆಯ ಮಾದರಿಯೂ ಉಚಿತವಾಗಿ ಸಿಗುತ್ತದೆ.

ಪಂಪಿನ ವಿಷಯ. ಮಾಡೆಲ್ಲಿನ ಚಾವಣಿಗೆ ನೀರು ಹತ್ತಿಸುವ ಪುಟ್ಟ ಪಂಪು 3ರಿಂದ 6 ವೋಲ್ಟಿನದು. ಅಂಗಡಿಯವನು ಕೊಡುವುದು 9 ವೋಲ್ಟಿನ ಚೌಕ ಬ್ಯಾಟರಿ. ಮೊದಲು ರೊಯ್ಯನೆ ಚಿಮ್ಮಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆದರೆ ಮೋಟಾರಿಗೆ ಬೇಕಾದ ಕರೆಂಟನ್ನು ಆ ಬ್ಯಾಟರಿ ಬಹಳ ಹೊತ್ತು ಕೊಡಲಾರದು. ಪ್ರಿನ್ಸಿಪಾಲರು ಬರುವ ಹೊತ್ತಿಗೆ ಬಿಕ್ಕಳಿಸುತ್ತಿರುತ್ತದೆ. ಒಂದೂವರೆ ವೋಲ್ಟಿನ ನಾಲ್ಕು ಪೆನ್ಸಿಲ್ ಸೆಲ್ ಸರಣಿಯಲ್ಲಿ ಹಾಕಿ, ಮಧ್ಯಾಹ್ನದವರೆಗೆ ಬಾಳುತ್ತದೆ. ಅಂದಹಾಗೆ, ಮಳೆನೀರು ಕೊಯ್ಲಿನಲ್ಲಿ ನೀರು ಮೇಲಿಂದ ಕೆಳಕ್ಕೆ ತಾನೇ ಬರುತ್ತದೆಯಲ್ಲ, ಚಾವಣಿಗೆ ಮಳೆ ಹತ್ತಿಸಲು ಪಂಪು ಯಾಕೆ ಎಂದು ಕೇಳಬೇಡಿ. ವರ್ಕಿಂಗ್ ಮಾಡೆಲ್ ಎಂದಿದ್ದಾರೆ, ಏನಾದರೂ ವರ್ಕ್ ಆಗುತ್ತಿರಬೇಕು.

ನಿಜವಾದ ಮಳೆಕೊಯ್ಲು ಬೆಂಗಳೂರಿನಲ್ಲಿ 2009ರಿಂದಲೇ ಕಡ್ಡಾಯ. 40×60 ಸೈಟಿನ ಹಳೆಯ ಮನೆಗೂ 30×40 ಸೈಟಿನಲ್ಲಿ ಕಟ್ಟುವ ಹೊಸ ಮನೆಗೂ ಇರಲೇಬೇಕೆಂದು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಆ ಲೆಕ್ಕದಲ್ಲಿ ಮಗುವನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಪೈಪು ತೋರಿಸಿದರೆ ಪಾಠ ಮುಗಿಯಬೇಕು. ಅಲ್ಲೊಂದು ಅಪಾಯವಿದೆ. ಪೈಪು ಎಲ್ಲಿಗೆ ಹೋಗುತ್ತದೆ ಎಂದು ಮಗು ಬೆರಳಿಟ್ಟು ಹಿಂಬಾಲಿಸಿದರೆ ಅದು ಸೀದಾ ರಸ್ತೆ ಬದಿಯ ಮೋರಿಯಲ್ಲಿ ಮುಗಿಯುವ ಸಾಧ್ಯತೆಯಿದೆ. ಥರ್ಮೋಕೋಲಿನ ಮನೆಯಲ್ಲಿ ಕೊಳವೆ ಯಾವತ್ತೂ ತೊಟ್ಟಿಗೇ ಬೀಳುತ್ತದೆ. ಕಡ್ಡಾಯ ಕಾನೂನನ್ನು ನೂರಕ್ಕೆ ನೂರು ಪಾಲಿಸಿರುವ ಮನೆಗಳನ್ನು ಈ ನಗರದಲ್ಲಿ ನೋಡಬೇಕಿದ್ದರೆ ಯಾವುದಾದರೂ ಶಾಲೆಯ ಎಕ್ಸಿಬಿಷನ್ ಹಾಲಿಗೆ ಹೋಗಬೇಕು.

ಹಾಗೆ ನೋಡಿದರೆ ಈ ಪಾಠಕ್ಕೆ ಬೇಕಾದ್ದು ನೆಟ್ಟಗಿನ ಗೋಡೆಯ ಒಂದು ಡಬ್ಬ, ಒಂದು ಸ್ಕೇಲು. ಮಳೆ ಬರುವಾಗ ಮರದ ಮರೆ, ಸಜ್ಜದ ಮರೆ ಇಲ್ಲದ ಕಡೆ ಡಬ್ಬ ಇಡುವುದು, ನಿಂತ ಮೇಲೆ ಎಷ್ಟು ಮಿಲಿಮೀಟರ್ ನೀರಿದೆ ಎಂದು ಅಳೆಯುವುದು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 1,200 ಚದರಡಿಯ ಟೆರೇಸಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 1,100 ಲೀಟರ್, ಅಂದರೆ ಮನೆ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕು ತುಂಬಿ ಹೊರಚೆಲ್ಲುವಷ್ಟು. ಮೂರನೇ ಕ್ಲಾಸಿನ ಮಗು ಕೂಡಿ ಕಳೆದು ಈ ಲೆಕ್ಕದ ಹತ್ತಿರಕ್ಕಾದರೂ ಬಂದೀತು. ಬಕೆಟ್ ಇಡಬಾರದು, ಅದರ ಬಾಯಿ ತಳಕ್ಕಿಂತ ಅಗಲ, ಅಳತೆ ಹೆಚ್ಚು ಬರುತ್ತದೆ. ಇದನ್ನೂ ಎರಡು ದಿನ ತಪ್ಪು ಅಳೆದ ಮಗು ತಾನೇ ಕಂಡುಹಿಡಿಯಬಹುದು. ಆದರೆ ಡಬ್ಬಕ್ಕೆ ಯಾವ ಶಾಲೆಯವರು ಮಾರ್ಕ್ಸ್ ಕೊಡುತ್ತಾರೆ? ಅದರಲ್ಲಿ ನೀಟ್‌ನೆಸ್ ಎಲ್ಲಿದೆ? ಫೋಟೋದಲ್ಲಿ ಡಬ್ಬ ಡಬ್ಬದ ಹಾಗೇ ಕಾಣುತ್ತದೆ.

ಫೋಟೋ ಮುಖ್ಯ. ಟೀಚರ್ ಪಾಡನ್ನೂ ನೋಡಬೇಕಲ್ಲ. ನಲವತ್ತು ಮಕ್ಕಳು, ಒಬ್ಬೊಬ್ಬರದೂ ಮಾಡೆಲ್ ಹಿಡಿದು ನಗುತ್ತಿರುವ ಫೋಟೋ, ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ವಹಿಯಲ್ಲಿ ಅಂಕ, ಕಡತ. ಮಗು ಏನು ಕಲಿತಿತು ಎಂದು ಕೇಳುವ ಕಾಲಂ ಆ ವಹಿಯಲ್ಲಿ ಇದ್ದೇ ಇದೆ. ಅದನ್ನು ತುಂಬಲು ಮಗುವಿನ ಜೊತೆ ಕೂತು ಮಾತಾಡಬೇಕು. ಮಾತಾಡಲು ಬಿಡುವಿಲ್ಲ, ಫೋಟೋ ತೆಗೆಯಬೇಕು.

ವಿವರಣೆಯೂ ಮಗುವೇ ಕೊಡಬೇಕು. ಅದಕ್ಕೆ ಅಮ್ಮ ಆರು ಇಂಗ್ಲಿಷ್ ವಾಕ್ಯ ಬರೆದುಕೊಡುತ್ತಾಳೆ, ಮಗು ಬಾಯಿಪಾಠ ಹೊಡೆಯುತ್ತದೆ. ಮೊದಲನೇ ವಾಕ್ಯ ಗುಡ್ ಮಾರ್ನಿಂಗ್, ಕೊನೆಯದು ಥ್ಯಾಂಕ್ಯೂ. ನಡುವೆ ಯಾರಾದರೂ ತಾತ, "ಈ ಮರಳು ಯಾಕಮ್ಮ ಹಾಕಿದ್ದೀಯ?" ಎಂದು ಕನ್ನಡದಲ್ಲಿ ಕೇಳಿಬಿಟ್ಟರೆ ಕೆಟ್ಟಿತು. ಮಗು ಒಂದು ಕ್ಷಣ ಕಣ್ಣು ಮಿಟುಕಿಸಿ ಮತ್ತೆ ಗುಡ್ ಮಾರ್ನಿಂಗ್‌ನಿಂದ ಶುರು ಮಾಡುತ್ತದೆ. ಅಪ್ಪಂದಿರ ನಡುವೆ ಮಾತ್ರ ಒಳ್ಳೆಯ ತಾಂತ್ರಿಕ ಚರ್ಚೆ ನಡೆಯುತ್ತದೆ. "ನೀವು ಪಂಪು ಎಸ್‌.ಪಿ. ರೋಡಲ್ಲಿ ತಗೊಂಡ್ರಾ ಸಾರ್?" "ಇಲ್ಲ ಸಾರ್, ಆನ್‌ಲೈನು. ಮುಂದಿನ ಸಲ ಸೆನ್ಸರ್ ಹಾಕ್ಬೇಕು ಅಂತಿದೀನಿ." ನಿಜವಾಗಿ ಕಲಿತವರು ಇವರೇ, ಬಹುಮಾನ ಮಾತ್ರ ಮಕ್ಕಳಿಗೆ.

ಇನ್ನು ನಲಿ-ಕಲಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ. ಅಲ್ಲಿ ಮಕ್ಕಳು ಕಲಿಕೆಯ ಹಂತಗಳನ್ನು ಮೆಟ್ಟಿಲಿನ ಹಾಗೆ ತೋರಿಸುವ ಕಲಿಕಾ ಏಣಿ ನೋಡಿಕೊಂಡು ತಮ್ಮ ಕಾರ್ಡು ತಾವೇ ಹುಡುಕುತ್ತಾರೆ, ಕಡ್ಡಿ, ಬೀಜ ಎಣಿಸುತ್ತಾರೆ, ಗುಂಪಿನಲ್ಲಿ ಗೆಳೆಯನಿಗೆ ಹೇಳಿಕೊಡುತ್ತಾರೆ, ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಕಿಟಕಿಯಾಚೆ ನೋಡಿ ಹವಾಮಾನ ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಬರೆದದ್ದು ಸೊಟ್ಟಗಿದ್ದರೂ ತಲೆಯ ಮೇಲಿನ ದಾರದ ಚಪ್ಪರಕ್ಕೆ ನೇತು ಹಾಕುತ್ತಾರೆ. ಕಾರ್ಡು ಹರಿದಿರುವುದು, ಮೂರು ತರಗತಿಗೆ ಒಬ್ಬರೇ ಟೀಚರ್ ಇರುವುದು ಎಲ್ಲ ನಿಜ. ಆದರೂ ಕೆಲಸ ಮಾಡುವ ಕೈ ಮಗುವಿನದು. ಇದನ್ನು ಕಂಡ ಬೆಂಗಳೂರಿನ ಪೋಷಕರು, "ಅಲ್ಲಿ ಬರೀ ಆಟ ಆಡಿಸ್ತಾರೆ ಕಣ್ರೀ" ಎಂದು ಮಗುವನ್ನು ಬಿಡಿಸಿ, ಸಾಲ ಮಾಡಿ ಫೀಸು ಕಟ್ಟಿ, ತಾವೇ ರಾತ್ರಿ ಕೂತು ಆಡಬೇಕಾದ ಶಾಲೆಗೆ ಸೇರಿಸುತ್ತಾರೆ.

ಎಕ್ಸಿಬಿಷನ್ ಮುಗಿದ ಸಂಜೆ ಶಾಲೆಯಿಂದ ಇನ್ನೊಂದು ಸಂದೇಶ: ಮಾಡೆಲ್ ವಾಪಸ್ ತೆಗೆದುಕೊಂಡು ಹೋಗಿ, ಇಡಲು ಜಾಗವಿಲ್ಲ. ಸ್ಕೂಟರಿನ ಹಿಂದೆ ಮಗು ಅದನ್ನು ಹಿಡಿದು ಕೂತರೆ ಫ್ಲೈಓವರ್ ಮೇಲಿನ ಗಾಳಿಗೆ ಚಾವಣಿ ಹಾರುತ್ತದೆ, ಆಟೋದವರು ಮೀಟರಿನ ಮೇಲೆ ಇಪ್ಪತ್ತು ಕೇಳುತ್ತಾರೆ. ಕಸದ ಗಾಡಿಯವರು ಪ್ಲೈವುಡ್ಡು, ಪಿನ್ನು, ಬ್ಯಾಟರಿ, ಒದ್ದೆ ಮರಳು ಒಂದೇ ಮುದ್ದೆಯಾಗಿ ಅಂಟಿರುವುದನ್ನು ನೋಡಿ, "ಇದು ಹಸಿ ಕಸಾನಾ, ಒಣ ಕಸಾನಾ ಮೇಡಂ? ಬೇರೆ ಮಾಡಿ ಕೊಡಿ" ಅನ್ನುತ್ತಾರೆ. ಅದರಿಂದ ಅದು ಅಟ್ಟ ಸೇರುತ್ತದೆ, ಮುಂದಿನ ವರ್ಷ ಎರಡನೇ ಮಗುವಿಗೋ ಮೇಲಿನ ಮನೆಯವರ ಮಗುವಿಗೋ ಆಗುತ್ತದೆ. ಹೆಸರಿನ ಚೀಟಿ ಬದಲಾಯಿಸಲು ಮರೆಯದಿದ್ದರೆ ಸಾಕು.

ಮುಂದಿನ ವಾರದ ಚಟುವಟಿಕೆ ಈಗಾಗಲೇ ಬಂದಿದೆ: ಬೆಸ್ಟ್ ಔಟ್ ಆಫ್ ವೇಸ್ಟ್. ಐಸ್‌ಕ್ರೀಂ ಕಡ್ಡಿಯ ಪೆನ್ ಸ್ಟ್ಯಾಂಡು. ಐವತ್ತು ಕಡ್ಡಿ ಬೇಕು. ತಿಂದು ಕೂಡಿಸುವುದಾದರೆ ಐವತ್ತು ಐಸ್‌ಕ್ರೀಂ, ಆಮೇಲೆ ಒಂದು ವಾರ ನೆಗಡಿ. ಅದಕ್ಕೇ ಅಂಗಡಿಯಲ್ಲಿ ಐವತ್ತರ ಕಟ್ಟು ಹೊಸದಾಗಿ ಸಿಗುತ್ತದೆ, ಸಾದಾ ಒಂದು ರೇಟು, ಬಣ್ಣದ್ದು ಒಂದು ರೇಟು. ಬಣ್ಣದ್ದೇ ತನ್ನಿ. ಸಾದಾ ಕಡ್ಡಿ ನೋಡಲು ವೇಸ್ಟ್ ತರಹ ಇರುತ್ತದೆ, ಅಂಥದ್ದಕ್ಕೆ ಮಾರ್ಕ್ಸ್ ಕೊಡುವುದಿಲ್ಲ ಎಂದು ಮಿಸ್ ಹೇಳಿದ್ದಾರಂತೆ.