ಹಗೆಯವನ ಕತ್ತೆ ಹೊರೆಯಡಿ ಬಿದ್ದಿದ್ದರೆ

ಧರ್ಮಗ್ರಂಥಗಳಿಂದ ಬದುಕಿಗೆ ಪಾಠ ಹೇಳುವವರು ಸಾಮಾನ್ಯವಾಗಿ ದೊಡ್ಡ ಕಥೆಗಳಿಗೇ ಕೈ ಹಾಕುತ್ತಾರೆ. ಯೆಹೂದ್ಯರ ತೋರಾ ಎಂದರೆ ನೋಹನ ನಾವೆ, ಇಬ್ಭಾಗವಾದ ಸಮುದ್ರ, ಸೀನಾಯಿ ಬೆಟ್ಟದ ಗುಡುಗು. ಅದರಿಂದ ಹೊರಡುವ ಪಾಠವೂ ಗೊತ್ತಿದ್ದದ್ದೇ: ಧೈರ್ಯವಿರಲಿ, ನಂಬಿಕೆಯಿರಲಿ. ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಬಂದು ತಿಂಡಿ ಹೊತ್ತಿಗೆ ಮರೆತುಹೋಗುವ ಸರಕು. ನನಗೆ ತೋರಾದ ರುಚಿ ಹತ್ತಿದ್ದು ಅಲ್ಲಲ್ಲ, ದೊಡ್ಡ ಕಥೆ ಮುಗಿದ ಮರುವಾರದಲ್ಲಿ.

ವಾರ ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ತೋರಾ ಎಂದರೆ ಮೋಶೆಯ ಐದು ಪುಸ್ತಕಗಳು. ಅವನ್ನು ಯೆಹೂದ್ಯರು 54 ಭಾಗ ಮಾಡಿಕೊಂಡಿದ್ದಾರೆ. ಒಂದೊಂದಕ್ಕೂ ಪಾರಾಶಾ ಎಂದು ಹೆಸರು. ವಾರಕ್ಕೊಂದು, ಕೆಲವು ವಾರ ಎರಡು, ಶನಿವಾರ ಬೆಳಿಗ್ಗೆ ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಚರ್ಮದ ಸುರುಳಿ ಬಿಚ್ಚಿ ರಾಗವಾಗಿ ಓದುತ್ತಾರೆ. ವರ್ಷಕ್ಕೆ ಮುಗಿಯುತ್ತದೆ, ಮುಗಿದ ಹಬ್ಬದಲ್ಲೇ ಮತ್ತೆ ಮೊದಲಿನಿಂದ ಶುರು. ಹಿಂದಿನ ಕಾಲದಲ್ಲಿ ಓದುವವನ ಪಕ್ಕ ಇನ್ನೊಬ್ಬ ನಿಂತು, ಪ್ರತಿ ವಾಕ್ಯವನ್ನೂ ಜನರ ಆಡುಮಾತಾಗಿದ್ದ ಅರಾಮಿಕ್‌ನಲ್ಲಿ ಹೇಳುತ್ತಿದ್ದನಂತೆ. ಗಮಕಿ ಮತ್ತು ವ್ಯಾಖ್ಯಾನಕಾರರ ಜೋಡಿ ಕಂಡ ನಮಗೆ ಇದು ಅಪರಿಚಿತವೇನಲ್ಲ. ಆದರೆ ಗಮಕದಲ್ಲಿ ಇವತ್ತು ಉತ್ತರನ ಪೌರುಷ ಓದೋಣ ಎಂದು ಆರಿಸಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಚರ್ಮರೋಗದ ವಾರ ಬಂದರೆ ಚರ್ಮರೋಗವೇ ಗತಿ.

ಯಿತ್ರೋ ಎಂಬ ಪಾರಾಶಾದಲ್ಲಿ ಬೆಟ್ಟ ಹೊಗೆಯಾಡಿ, ಕೊಂಬು ಮೊಳಗಿ, ಹತ್ತು ಆಜ್ಞೆಗಳು ಬರುತ್ತವೆ. ಮುಂದಿನ ಶನಿವಾರ ಮಿಶ್ಪಾತಿಮ್. ಅದರಲ್ಲಿ ಹಾಯುವ ಎತ್ತು, ಮುಚ್ಚದ ಗುಂಡಿ, ಪಕ್ಕದವನ ಹೊಲ ಮೇಯ್ದ ದನ, ಅಡವಿಟ್ಟ ಹೊದಿಕೆ. ಅಷ್ಟೆಲ್ಲ ಗುಡುಗಿದ ದೇವರು ಕೊನೆಗೆ ಬಂದು ಕೂತದ್ದು ಊರ ಪಂಚಾಯ್ತಿ ಕಟ್ಟೆಯ ಮೇಲೆ!

ಇದರಲ್ಲಿ ನನಗೆ ತುಂಬ ಇಷ್ಟ ಕತ್ತೆಯ ವಿಚಾರ. ನಿನ್ನನ್ನು ಕಂಡರಾಗದವನ ಕತ್ತೆ ಹೊರೆಯಡಿ ಕುಸಿದಿದ್ದರೆ ಬಿಟ್ಟುಹೋಗಬೇಡ, ಅವನ ಜೊತೆ ಸೇರಿ ಬಿಡಿಸು ಎನ್ನುತ್ತದೆ ಐದರಲ್ಲಿ ಎರಡನೆಯ ಪುಸ್ತಕ, ವಿಮೋಚನಕಾಂಡ (23:5). ಅವನನ್ನು ಪ್ರೀತಿಸು ಎನ್ನುವುದಿಲ್ಲ, ರಾಜಿಯಾಗು ಎನ್ನುವುದೂ ಇಲ್ಲ. ಹೊರೆಗೆ ಕೈ ಹಚ್ಚು, ಅಷ್ಟೇ. ತೋರಾದ ನಿಯಮಗಳ ಮೇಲಿನ ಹಳೆಯ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಪಂಡಿತರು ಇದನ್ನು ಇನ್ನೂ ಕೆದಕುತ್ತಾರೆ. ಒಂದು ಕಡೆ ಸ್ನೇಹಿತನ ಪ್ರಾಣಿಯ ಹೊರೆ ಇಳಿಸಬೇಕು, ಇನ್ನೊಂದು ಕಡೆ ಹಗೆಯವನದಕ್ಕೆ ಹೊರೆ ಏರಿಸಬೇಕು. ಯಾರಿಗೆ ಮೊದಲು? ಪ್ರಾಣಿಯ ನೋವು ನೋಡಿದರೆ ಇಳಿಸುವುದೇ ಮೊದಲಾಗಬೇಕು. ಆದರೂ ಹಗೆಯವನ ಕಡೆಗೇ ಹೋಗು ಎನ್ನುತ್ತಾರೆ, ನಿನ್ನ ಮನಸ್ಸು ಬಾಗಲಿ ಅಂತ. ಬದುವಿನ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯ ಮನೆಯಲ್ಲಿ ಸಾವಾದಾಗ ಚಟ್ಟಕ್ಕೆ ಹೆಗಲು ಕೊಡಲು ಹೋಗುವವರನ್ನು ನಮ್ಮೂರುಗಳಲ್ಲಿ ಕಂಡಿದ್ದೇವೆ. ಮಾರನೇ ದಿನ ಮತ್ತೆ ಮಾತಿಲ್ಲ. ಅದನ್ನು ಬೂಟಾಟಿಕೆ ಎನ್ನುವವರಿದ್ದಾರೆ. ನನಗೆ ಅದೇ ದೊಡ್ಡತನ ಅನ್ನಿಸುತ್ತದೆ.

ಇದಕ್ಕೊಂದು ಬಾಲವೂ ಉಂಟು. ಕತ್ತೆಯ ಯಜಮಾನ ಪಕ್ಕಕ್ಕೆ ಹೋಗಿ ಕೂತು, "ಬಿಡಿಸೋದು ನಿನ್ನ ಧರ್ಮ ತಾನೆ, ಬಿಡಿಸು" ಅಂದರೆ? ಹಾಗಾದರೆ ನಿನಗೆ ಹೊಣೆಯಿಲ್ಲ, ನಡೆ ಎನ್ನುತ್ತದೆ ತಾಲ್ಮುದ್‌ಗೆ ಬುನಾದಿಯಾದ ನಿಯಮಸಂಗ್ರಹ ಮಿಶ್ನಾ. ಅವನು ಮುದುಕನೋ ರೋಗಿಯೋ ಆಗಿದ್ದರೆ ಮಾತ್ರ ನೀನೊಬ್ಬನೇ ಮಾಡಬೇಕು. ಆಫೀಸಿನಲ್ಲಿ ಇನ್ನೊಬ್ಬರ ಫೈಲು ಹೊತ್ತು ಬೆನ್ನು ಬಾಗಿದವರು ಈ ಸಾಲನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಬಹುದು.

ಗುಂಡಿಯ ಕಾನೂನು ಇನ್ನೂ ಖಡಕ್ಕು. ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿನ ಬೆಲೆ ತೆರಬೇಕು. ಬಾವಿ ಇಬ್ಬರ ಪಾಲಿನದಾಗಿ, ಮೊದಲನೆಯವನು ನೋಡಿಯೂ ಮುಚ್ಚದೆ ಹೋದ, ಆಮೇಲೆ ಎರಡನೆಯವನೂ ಹಾಗೇ ಹೋದ. ಹೊಣೆ ಎರಡನೆಯವನದು! ಅವನು ಮುಚ್ಚಲಿಲ್ಲವಲ್ಲ ಎಂಬ ನೆಪಕ್ಕೆ ಅಲ್ಲಿ ಜಾಗವೇ ಇಲ್ಲ. ಕೆಟ್ಟ ಕೊಳವೆಬಾವಿಗಳ ಬಾಯಿ ಮುಚ್ಚಲೇಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆದರೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವೊಂದು ಕೊಳವೆಬಾವಿಗೆ ಬಿತ್ತು. ಪುಣ್ಯಕ್ಕೆ ಜೀವಂತ ಹೊರಗೆ ಬಂತು.

ಸಾಲದ ವಿಷಯದಲ್ಲೂ ಹೀಗೇ ಖಚಿತ. ಬಡವನ ಹೊದಿಕೆ ಅಡವಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸು ಕೊಡು, ಅವನಿಗಿರುವುದು ಅದೊಂದೇ, ಇನ್ನೇನು ಹೊದ್ದು ಮಲಗಿಯಾನು ಎಂದು ಕೇಳುತ್ತದೆ ಮಿಶ್ಪಾತಿಮ್. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬರುವ ಕೀ ತೇತ್ಸೇ ಪಾರಾಶಾ ಇನ್ನೊಂದು ಹೆಜ್ಜೆ ಮುಂದೆ: ಒತ್ತೆ ತರಲು ಸಾಲಗಾರನ ಮನೆಯೊಳಗೆ ಕಾಲಿಡಬೇಡ, ಹೊರಗೆ ನಿಲ್ಲು, ಅವನೇ ತಂದುಕೊಡಲಿ. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಡೆಯಲು ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆ ದಿನಗಳ ಪತ್ರಿಕೆ ಓದುವಾಗ ನನಗೆ ನೆನಪಾದದ್ದು ಬಾಗಿಲ ಹೊರಗೆ ನಿಲ್ಲಬೇಕಾದ ಈ ಸಾಲ ಕೊಟ್ಟವನೇ.

ಎಲ್ಲವೂ ಹೀಗೆ ಚೆಂದವಿದೆ ಎಂದರೆ ಸುಳ್ಳಾದೀತು. ಮಿಶ್ಪಾತಿಮ್ ಶುರುವಾಗುವುದೇ ದಾಸರನ್ನು ಕೊಳ್ಳುವ ನಿಯಮದಿಂದ. ಅದಕ್ಕೆ ಸಕ್ಕರೆ ಸವರಿ ಹೇಳುವ ಪ್ರವಚನಗಳು ನನಗೆ ಆಗಿಬರುವುದಿಲ್ಲ. ಕೀ ತೇತ್ಸೇಯಲ್ಲಿ ಮಾತು ಕೇಳದ ಮಗನನ್ನು ಕಲ್ಲೆಸೆದು ಕೊಲ್ಲುವ ವಿಧಿಯೂ ಇದೆ. ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಪಂಡಿತರು, ಮಾತ್ರ ಅದಕ್ಕೆ ಷರತ್ತಿನ ಮೇಲೆ ಷರತ್ತು ಹೇರಿದರು. ತಂದೆ ತಾಯಿ ಇಬ್ಬರ ದನಿ, ರೂಪ, ಎತ್ತರ ಒಂದೇ ಇರಬೇಕು ಎಂದ ಒಬ್ಬ ಪಂಡಿತ! ಅಂಥ ಮಗ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂದೂ ಅಲ್ಲೇ ಬರೆದಿಟ್ಟರು. ಸಾಲನ್ನು ಅಳಿಸಲಿಲ್ಲ, ಪ್ರತಿ ವರ್ಷ ಓದುತ್ತಲೇ ಇದ್ದಾರೆ. ಮುಜುಗರವಾಗುವ ಪುಟ ಹಾರಿಸಿ ಓದುವುದಕ್ಕಿಂತ ಇದು ಮೇಲು ಎಂದು ನನ್ನ ಅಭಿಪ್ರಾಯ. ಒಪ್ಪದವರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ.

ಮಿಶ್ಪಾತಿಮ್ ಆದಮೇಲಿನ ವಾರ ತೆರೂಮಾ. ಅದರಲ್ಲಿ ಮಂಜೂಷದ, ಅಂದರೆ ದೇವರ ಆಜ್ಞೆಗಳನ್ನಿಡುವ ಪೆಟ್ಟಿಗೆಯ, ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ, ಎತ್ತರ ಒಂದೂವರೆ. ಅದರಿಂದಲೂ ಬದುಕಿನ ಪಾಠ ಹಿಂಡುವ ಮಹನೀಯರಿದ್ದಾರೆ. ನಾನಂತೂ ಬಡಗಿಯ ಲೆಕ್ಕದ ಚೀಟಿ ಓದಿದ ಹಾಗೆ ಓದಿ ಮುಂದೆ ಹೋಗುತ್ತೇನೆ.