ಕ್ಯಾತ್ಸಂದ್ರದಿಂದ ಕ್ಯಾಮೆರಾದವರೆಗೆ

ತುಮಕೂರಿಗೂ ಬೆಂಗಳೂರಿಗೂ ನಡುವೆ ಸುಮಾರು 70 ಕಿಲೋಮೀಟರ್ ದೂರವಿದೆ. ವಿಡಿಯೊ ಸಭೆ ಈ ದೂರವನ್ನು ಅಳಿಸಿಹಾಕಿತೆಂದು 2020ರ ಲಾಕ್‌ಡೌನ್ ಕಾಲದಲ್ಲಿ ನಂಬಿದವರು ನಮ್ಮೂರಿನಲ್ಲಿ ಬಹಳ ಮಂದಿ. ಎಸ್‌ಐಟಿ ಬಡಾವಣೆಯ ಮಹಡಿ ಕೋಣೆಗಳಲ್ಲಿ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ ತೊಟ್ಟು ಕುಳಿತ ಎಂಜಿನಿಯರುಗಳು ಕ್ಯಾಲಿಫೋರ್ನಿಯಾದ ಗ್ರಾಹಕರ ಕೆಲಸವನ್ನು ಸಲೀಸಾಗಿ ಮುಗಿಸಿಕೊಡುತ್ತಿದ್ದರು. ಲುಂಗಿಯ ಕಾರಣದಿಂದ ಯಾವ ಕೆಲಸವೂ ನಿಂತಂತೆ ಕೇಳಿಬರಲಿಲ್ಲ. ಆದರೆ ಇಷ್ಟು ಸಲೀಸಾಗಿ ಆಗಿಹೋಗುವ ಕೆಲಸಕ್ಕೆ ಬೆಲೆ ಬರುವುದಾದರೂ ಹೇಗೆ? ಆದ್ದರಿಂದ ಹೈಬ್ರಿಡ್ ಪದ್ಧತಿ ಬಂದಿತು.

ಪದ್ಧತಿ ಸರಳವಾಗಿದೆ: ವಾರದಲ್ಲಿ ಮೂರು ದಿನ ಕಚೇರಿ, ಎರಡು ದಿನ ಮನೆ. ಕಚೇರಿಯ ದಿನದಂದು ನೌಕರನು ಕೋಳಿ ಕೂಗುವ ಮುನ್ನ ಎದ್ದು, ರೈಲು ಹಿಡಿದು, ಕ್ಯಾತ್ಸಂದ್ರ ದಾಟುವಾಗ ತಟ್ಟೆ ಇಡ್ಲಿಯನ್ನು ಮನಸ್ಸಿನಲ್ಲಿಯೇ ತಿಂದು, ಯಶವಂತಪುರದಲ್ಲಿ ಇಳಿದು, ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ವೈಟ್‌ಫೀಲ್ಡ್ ಕಡೆಗೆ ನಿಂತೇ ಸಾಗಿ, ಕಚೇರಿಯ ಬಾಗಿಲಲ್ಲಿ ಕಾರ್ಡ್ ತೋರಿಸಿ ಹಾಜರಿ ಹಾಕಿ, ಖಾಲಿ ಕಂಡ ಯಾವುದೋ ಮೇಜಿನ ಮುಂದೆ ಕುಳಿತು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಕಿವಿಗೆ ಹೆಡ್‌ಫೋನ್ ಏರಿಸಿ ವಿಡಿಯೊ ಸಭೆಗೆ ಸೇರಿಕೊಳ್ಳುತ್ತಾನೆ. ಇದೇ ಲ್ಯಾಪ್‌ಟಾಪ್, ಇದೇ ಹೆಡ್‌ಫೋನ್, ಇದೇ ಸಭೆ ನಿನ್ನೆ ತುಮಕೂರಿನಲ್ಲೂ ಇದ್ದವಲ್ಲ ಎಂದು ಕೇಳುವವರು ಸಂಸ್ಥೆಯ ಸಂಸ್ಕೃತಿಯನ್ನು ಅರಿಯದವರು. ತಂಡದಲ್ಲಿ ಒಬ್ಬರು ಪುಣೆಯಲ್ಲಿರುತ್ತಾರೆ, ಇಬ್ಬರು ಹೈದರಾಬಾದಿನಲ್ಲಿರುತ್ತಾರೆ, ಮ್ಯಾನೇಜರ್ ಸಾಹೇಬರು ತಮ್ಮ ಮನೆಯಲ್ಲಿರುತ್ತಾರೆ. ಅವರಿಗೆ ಅಂದು ಮನೆಯ ದಿನ.

ಒಂದೇ ತಂಡದ ನಾಲ್ವರು ಒಂದೇ ಸಾಲಿನಲ್ಲಿ ಕುಳಿತ ದಿನ ನೋಡಬೇಕು ಅದರ ಸೊಗಸನ್ನು. ಮೊದಮೊದಲು ಇಂಥವರು ಸಭಾ ಕೊಠಡಿಯ ಉದ್ದನೆಯ ಮೇಜಿನ ಸುತ್ತ ಒಟ್ಟಿಗೆ ಕೂರುತ್ತಿದ್ದರು. ಮೇಜಿನ ತುದಿಯ ಒಂದೇ ಕ್ಯಾಮೆರಾದಲ್ಲಿ ಅವರ ತಲೆಗಳು ಅವರೆಕಾಳಿನ ಗಾತ್ರಕ್ಕೆ ಇಳಿದು, ಮಾತನಾಡುತ್ತಿರುವ ಕಾಳು ಯಾವುದೆಂದು ಮನೆಯಲ್ಲಿದ್ದವರಿಗೆ ತಿಳಿಯದೆ, ಅವರು ತಾವು ಹೊರಗಿನವರೆಂದು ಕೊರಗತೊಡಗಿದರು. ಆಗ ತಜ್ಞರು ಒಂದು ನಿಯಮ ಕೊಟ್ಟರು: ಸಭೆಯಲ್ಲಿ ಒಬ್ಬರಾದರೂ ದೂರದಿಂದ ಸೇರುವುದಿದ್ದರೆ ಉಳಿದವರೆಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಬೇಕು. ಅಂದರೆ ಮನೆಯಲ್ಲಿರುವವರಿಗೆ ಬೇಸರವಾಗದಿರಲೆಂದು ಕಚೇರಿಗೆ ಬಂದವರೂ ಮನೆಯಲ್ಲಿದ್ದಂತೆ ವರ್ತಿಸಬೇಕು. ಹಾಗೆ ವರ್ತಿಸಲು ಅವರು ಮನೆ ಬಿಟ್ಟು ಬರಬೇಕು. ತರ್ಕಶಾಸ್ತ್ರದ ಪಂಡಿತರು ಯಾರಾದರೂ ಇದರಲ್ಲಿ ದೋಷ ಹುಡುಕಿಯಾರು. ಮಾನವ ಸಂಪನ್ಮೂಲ ವಿಭಾಗದವರಿಗೆ ಅದು ಕಂಡಿಲ್ಲ.

ಹೀಗಾಗಿ ಪಕ್ಕದ ಕುರ್ಚಿಯವರ ಮಾತು ಎರಡು ಸಲ ಕೇಳಿಸುತ್ತದೆ. ಮೊದಲನೆಯ ಸಲ ಗಾಳಿಯಲ್ಲಿ ನೇರವಾಗಿ; ಎರಡನೆಯ ಸಲ, ಅರೆಕ್ಷಣ ತಡವಾಗಿ, ಎಲ್ಲಿಯದೋ ಸರ್ವರನ್ನು ಸುತ್ತಿಕೊಂಡು ಹೆಡ್‌ಫೋನಿನಲ್ಲಿ. ಎರಡನೆಯದನ್ನು ಮಾತ್ರ ಅಧಿಕೃತವೆಂದು ಪರಿಗಣಿಸಬೇಕು. “ನನ್ನ ವಾಯ್ಸ್ ಕೇಳಿಸ್ತಿದೆಯಾ?” ಎಂದು ಒಬ್ಬನು ಪರದೆಗೆ ಕೇಳಿದರೆ, ಒಂದು ಮೊಳ ಆಚೆ ಕುಳಿತವನು ಅವನತ್ತ ತಿರುಗಿಯೂ ನೋಡದೆ, “ಇಲ್ಲಿ ಕೇಳಿಸ್ತಿದೆ ಕಣೋ, ಅಲ್ಲಿ ಕೇಳಿಸ್ತಿಲ್ಲ, ಮ್ಯೂಟ್ ತೆಗಿ” ಎನ್ನುತ್ತಾನೆ.

ಇಷ್ಟಾದ ಮೇಲೆ ವಿಡಿಯೊ ಸಭೆಯಿಂದ ಇನ್ನೂ ಹೆಚ್ಚಿನ ಮೌಲ್ಯ ಪಡೆಯುವುದು ಹೇಗೆ ಎಂಬ ಚಿಂತೆ ಆಡಳಿತ ವರ್ಗವನ್ನು ಕಾಡುತ್ತಿದೆಯಂತೆ. ಚಿಂತೆ ಅನಾವಶ್ಯಕ. ಮನೆಯಿಂದ ಸೇರಿದಾಗ ಅರ್ಧ ಗಂಟೆಯ ಸಭೆಗೆ ತಗಲುತ್ತಿದ್ದುದು ಅರ್ಧ ಗಂಟೆ ಮಾತ್ರ. ಈಗ ಅದಕ್ಕೆ ರೈಲು, ಮೆಟ್ರೊ, ನೂಕುನುಗ್ಗಲು, ಮಧ್ಯಾಹ್ನದ ದುಬಾರಿ ಊಟ, ರಾತ್ರಿ ಮನೆ ಸೇರಿ ಒಗ್ಗರಣೆ ಆರಿದ ಸಾರಿನ ಮುಂದೆ ತೂಕಡಿಸುವುದು, ಎಲ್ಲವೂ ಕೂಡಿಕೊಂಡು ಸಭೆಯ ಬೆಲೆ ತಾನಾಗಿಯೇ ಏರಿದೆ. ಲೆಕ್ಕವನ್ನು ಹಿಗ್ಗಿಸುವ ಕಲೆ ಈ ಉದ್ಯಮಕ್ಕೆ ಹೊಸದೂ ಅಲ್ಲ. 2020ರ ಏಪ್ರಿಲ್‌ನಲ್ಲಿ ಜೂಮ್ ಕಂಪನಿ ತನಗೆ ದಿನಕ್ಕೆ 30 ಕೋಟಿ ಬಳಕೆದಾರರಿದ್ದಾರೆಂದು ಸಾರಿ, ಬಳಿಕ ಅದು ಬಳಕೆದಾರರ ಸಂಖ್ಯೆಯಲ್ಲ, ಸಭೆಗಳ ಹಾಜರಿಯ ಸಂಖ್ಯೆ ಎಂದು ತಿದ್ದಿಕೊಂಡಿತು. ಒಬ್ಬನೇ ಐದು ಸಭೆಗಳಲ್ಲಿ ಕುಳಿತರೆ ಐದು ತಲೆ. ಹಾಗೆ ಕುಳಿತವನಿಗೆ ಒಂದು ತಲೆಯೂ ಉಳಿದಿರುವುದಿಲ್ಲ ಎಂಬುದು ಬೇರೆ ಮಾತು.

ಅದೇ ಜೂಮ್ ಕಂಪನಿ 2023ರ ಆಗಸ್ಟ್‌ನಲ್ಲಿ, ಕಚೇರಿಯಿಂದ 50 ಮೈಲಿಯೊಳಗೆ ವಾಸಿಸುವ ತನ್ನ ನೌಕರರು ವಾರಕ್ಕೆ ಎರಡು ದಿನವಾದರೂ ಖುದ್ದಾಗಿ ಬರಬೇಕೆಂದು ಅಪ್ಪಣೆ ಮಾಡಿತು. ದೂರವೇ ಇಲ್ಲವೆಂದು ಜಗತ್ತಿಗೆಲ್ಲ ಮಾರಿದವರು ತಮ್ಮ ಮನೆಯಲ್ಲಿ ಮೈಲಿಗಲ್ಲು ಎಣಿಸಿದರು. 50 ಮೈಲಿ ಎಂದರೆ 80 ಕಿಲೋಮೀಟರ್. ಬೆಂಗಳೂರನ್ನು ನಡುವಿಟ್ಟು ಅಷ್ಟು ದೂರಕ್ಕೆ ಸುತ್ತು ಎಳೆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಊರುಗಳು ಒಳಗೆ ಬೀಳುತ್ತವೆ. ನಮ್ಮ ಜಿಲ್ಲೆಯ ಪಾವಗಡ ಹೊರಗುಳಿಯುತ್ತದೆ. ಆದರೆ ಪಾವಗಡದವರು ತಾವು ಬಚಾವಾದೆವೆಂದು ಭಾವಿಸಬೇಕಾಗಿಲ್ಲ. ಅವರಿಗೆ ಸರ್ಕಾರವಿದೆ.

ಸರ್ಕಾರಿ ಕಚೇರಿಗಳು ವಿಡಿಯೊ ಸಂವಾದವನ್ನು ವಿ.ಸಿ. ಎಂದು ಕರೆದು, ಖಾಸಗಿಯವರು ಕಣ್ಣು ಬಿಡುವ ಮುನ್ನವೇ ಈ ವಿದ್ಯೆಯನ್ನು ಕರಗತ ಮಾಡಿಕೊಂಡಿವೆ. ಬೆಂಗಳೂರಿನ ದೊಡ್ಡ ಅಧಿಕಾರಿಗಳು ಪರದೆಯ ಮೇಲೆ ಬರುತ್ತಾರೆಂದರೆ ತಾಲ್ಲೂಕಿನ ಅಧಿಕಾರಿಯು ಕಡತಗಳ ಗಂಟಿನೊಂದಿಗೆ ಜೀಪು ಹತ್ತಿ, ಮಧುಗಿರಿ, ಕೊರಟಗೆರೆಗಳನ್ನು ದಾಟಿ, 100 ಕಿಲೋಮೀಟರಿನಷ್ಟು ದಾರಿ ಸವೆಸಿ ಜಿಲ್ಲಾ ಕೇಂದ್ರದ ಸಭಾಂಗಣ ಸೇರಿ, ಕ್ಯಾಮೆರಾದ ಕಣ್ಣಿಗೆ ಬೀಳದ ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ರಾಜ್ಯದ 31 ಜಿಲ್ಲೆಗಳಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಬೋಂಡಾ ಆರಿರುತ್ತದೆ. “ತುಮಕೂರು, ಪ್ರಗತಿ ಏಕೆ ಕಡಿಮೆ?” ಎಂಬ ಪ್ರಶ್ನೆಗೆ ಮೊದಲ ಸಾಲಿನವರು “ಸರಿಪಡಿಸುತ್ತೇವೆ ಸರ್” ಎನ್ನುತ್ತಾರೆ. ಮೂರನೆಯ ಸಾಲು ಅದನ್ನು ಬರೆದುಕೊಳ್ಳುತ್ತದೆ.

ಅತ್ತ ಆ ಅಧಿಕಾರಿಯ ಕಚೇರಿಯಲ್ಲಿ ಪಿಂಚಣಿಗೆ ಬಂದ ಅಜ್ಜಿಯೊಬ್ಬರಿಗೆ ಗುಮಾಸ್ತರು, “ಸಾಹೇಬ್ರು ವಿ.ಸಿ.ಗೆ ತುಮಕೂರಿಗೆ ಹೋಗವ್ರೆ, ನಾಳೆ ಬಾರಜ್ಜಿ” ಎನ್ನುತ್ತಾರೆ. ವಿ.ಸಿ. ಎಂದರೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತನಾಡುವುದೆಂದು ತಿಳಿದ ಅಜ್ಜಿ, “ನನ್ ಮೊಮ್ಮಗ ಬೆಂಗ್ಳೂರಿಂದ ದಿನಾ ಹಂಗೇ ಮಾತಾಡ್ತಾನೆ, ಅದಕ್ಕೆ ನಾನೇನು ತುಮಕೂರಿಗೆ ಹೋಗ್ತೀನಾ?” ಎಂದು ಕೇಳುತ್ತಾರೆ. ಇಲಾಖೆಯ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: “ಅದು ವಾಟ್ಸ್‌ಆ್ಯಪ್ ಕಣಜ್ಜಿ, ಇದು ಸರ್ಕಾರದ್ದು.”

ಖಾಸಗಿಯವರಿಗೂ ಸರ್ಕಾರಕ್ಕೂ ಒಟ್ಟಿಗೆ ಸಲ್ಲುವ ಸಲಹೆಯೊಂದನ್ನು ವಿನಯಪೂರ್ವಕವಾಗಿ ಮುಂದಿಡಬಯಸುತ್ತೇನೆ. ಕಚೇರಿಗೆ ಹೋಗುವುದರಲ್ಲಿ ನಿಜವಾಗಿ ದಾಖಲಾಗುವುದು ಕಾರ್ಡ್ ತೋರಿಸಿದ ಆ ಒಂದು ಕ್ಷಣ ಮಾತ್ರವಾದ್ದರಿಂದ, ಹಾಜರಿ ಯಂತ್ರವನ್ನೇ ಕ್ಯಾತ್ಸಂದ್ರ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದರೆ, ನೌಕರರು ಬೆಳಿಗ್ಗೆ ಅಲ್ಲಿಗೆ ಹೋಗಿ ಕಾರ್ಡ್ ತೋರಿಸಿ, ತಟ್ಟೆ ಇಡ್ಲಿಯನ್ನು ಈ ಬಾರಿ ಬಾಯಿಂದಲೇ ತಿಂದು, ಮನೆಗೆ ಮರಳಿ ಸಭೆ ಸೇರಬಹುದು. ಸಲಹೆ ಪರಿಶೀಲನೆಯಲ್ಲಿದೆಯೆಂದು ಒಂದು ಸಂಸ್ಥೆಯಿಂದ ಉತ್ತರವೂ ಬಂದಿದೆ. ಇದನ್ನು ಚರ್ಚಿಸಲು ಮುಂದಿನ ಬುಧವಾರ ಬೆಳಿಗ್ಗೆ ಹತ್ತಕ್ಕೆ ವೈಟ್‌ಫೀಲ್ಡ್ ಕಚೇರಿಯಲ್ಲಿ ಸಭೆ ಕರೆದಿದ್ದು, ಖುದ್ದು ಹಾಜರಾತಿ ಕಡ್ಡಾಯವಾಗಿದೆ. ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್ ತರಲು ಮರೆಯಬಾರದೆಂದೂ, ಲಿಂಕನ್ನು ಅಲ್ಲಿಗೆ ಬಂದ ಮೇಲೆ ಕಳುಹಿಸಲಾಗುವುದೆಂದೂ ತಿಳಿಸಿದ್ದಾರೆ.