ಕಪ್ಪ ಅನ್ಬೇಡಿ ಸ್ವಾಮಿ, ತಮ್ಮನ ಖರ್ಚಿಗೆ ಅನ್ನಿ

1005ರಲ್ಲಿ ಚೀನಾದ ಸಾಂಗ್ ಚಕ್ರವರ್ತಿ ಝೆನ್‌ಜೋಂಗ್‌ಗೆ ದಿಢೀರ್ ಅಂತ ಒಬ್ಬ ತಮ್ಮ ಸಿಕ್ಬಿಟ್ಟ. ತಮ್ಮ ಅಂದ್ರೆ ಸಣ್ಣ ಕೂಸಲ್ಲ, ಉತ್ತರದ ಖಿತಾನ್ ಅನ್ನೋ ಜನರ ಲಿಯಾವ್ ರಾಜ್ಯದ ದೊರೆ, ಅಮ್ಮನ್ನೂ ಕುದುರೆ ದಂಡನ್ನೂ ಕರ್ಕೊಂಡು ಚಾನ್‌ಯುವಾನ್ ಊರ ಬಾಗಿಲ ತನಕ ಬಂದಿದ್ದೋನು. ಒಪ್ಪಂದ ಆಗಿದ್ದೇ ತಡ, ಆ ರಾಜಮಾತೆ ಸಾಂಗ್ ದೊರೆಗೆ ಚಿಕ್ಕಮ್ಮ! ನೆಂಟರಾದ್ಮೇಲೆ ಬರಿಗೈಲಿ ಕಳ್ಸೋಕಾಗುತ್ತಾ, ವರ್ಷಾ ವರ್ಷಾ 1 ಲಕ್ಷ ಟೇಲ್ (ಚೀನಾದ ಹಳೇ ತೂಕ) ಬೆಳ್ಳಿ, 2 ಲಕ್ಷ ಥಾನು ರೇಷ್ಮೆ. ಕಪ್ಪ ಅಲ್ವಂತೆ, ಕಾಗದದಲ್ಲಿ ಬರ್ದಿರೋದು ಸೈನ್ಯದ ಖರ್ಚಿಗೆ ನೆರವು ಅಂತ. ಯಾವ ಸೈನ್ಯ ಅಂತೀರಾ? ಇವ್ರನ್ನ ಹೊಡೆಯೋಕೆ ಬಂದಿತ್ತಲ್ಲ, ಅದೇ.

ಚೌಕಾಸಿ ಕತೆ ಇನ್ನೂ ಚೆನ್ನಾಗಿದೆ. ದೊರೆ ದೂತನಿಗೆ 10 ಲಕ್ಷದ ತನಕ ಹೋಗಪ್ಪ ಅಂದಿದ್ರು, ಮಂತ್ರಿ ಕೌ ಝುನ್ ಪಕ್ಕಕ್ಕೆ ಕರೆದು 3 ಲಕ್ಷ ದಾಟಿದ್ರೆ ನಿನ್ ತಲೆ ಇರಲ್ಲ ಅಂದ. ದೂತ ವಾಪಸ್ ಬಂದಾಗ ದೊರೆ ಊಟಕ್ಕೆ ಕೂತಿದ್ರು, ಎಷ್ಟು ಅಂತ ಕೇಳೋಕೆ ಬಂದ ಸೇವಕನಿಗೆ ಇವ್ನು ಬಾಯಿ ಬಿಡ್ದೆ ಮೂರು ಬೆರಳು ತೋರಿಸ್ದ, ಒಳಗೆ ಅದು 30 ಲಕ್ಷ ಅಂತ ಮುಟ್ತು. ದೊರೆ ಮೊದ್ಲು ಜಾಸ್ತಿಯಾಯ್ತಲ್ಲೋ ಅಂದ್ರು, ಆಮೇಲೆ ಹೋಗ್ಲಿ, ಪೀಡೆ ಕಳೀತಲ್ಲ ಅಂದ್ರು. 3 ಲಕ್ಷ ಅಂತ ಗೊತ್ತಾದ್ಮೇಲೆ ಕೇಳ್ಬೇಕಾ, ಖುಷಿಯೋ ಖುಷಿ.

ನಿಜ ಹೇಳ್ಬೇಕಂದ್ರೆ ಲಾಸ್ ವ್ಯವಹಾರ ಅಲ್ಲ, ಯುದ್ಧಕ್ಕಿಂತ ಎಷ್ಟೋ ಅಗ್ಗ. ಹಾಗಂತಲೇ ಹೇಳ್ಕೊಂಡಿದ್ರೆ ಮುಗೀತಿತ್ತು. ಆದ್ರೆ ವಾಂಗ್ ಚಿನ್‌ರುವೋ ಅನ್ನೋ ಇನ್ನೊಬ್ಬ ಮಂತ್ರಿ ಇದು ಮಾನಗೇಡು ಅಂತ ಕಿವಿ ಊದಿದ, ದೊರೆ ಮಂಕಾದ್ರು. ಪರಿಹಾರ? 1008ರಲ್ಲಿ ಅರಮನೆ ಹೆಬ್ಬಾಗಿಲ ಮಾಡಿನ ಮೇಲೆ ಹಳದಿ ರೇಷ್ಮೇಲಿ ಸುತ್ತಿದ ಪತ್ರ ಸಿಕ್ತು, ನೇರ ಸ್ವರ್ಗದಿಂದ ಪೋಸ್ಟ್ ಆಗಿದ್ದು! ಪ್ರಧಾನಿ ವಾಂಗ್ ದಾನ್ ತಕರಾರು ತೆಗೀಬಾರ್ದು ಅಂತ ದೊರೆ ಮೊದ್ಲೇ ಒಂದು ಮದ್ಯದ ಜಾಡಿ ಕೊಟ್ಟು ಕಳ್ಸಿದ್ರು, ಮನೇಲಿ ಮುಚ್ಚಳ ತೆಗೆದ್ರೆ ತುಂಬಾ ಮುತ್ತು. ವಾಂಗ್ ದಾನ್ ಬಾಯಿ ಬಂದ್. ಅದೇ ವರ್ಷ ತಾಯ್‌ಶಾನ್ ಬೆಟ್ಟದ ಮೇಲೆ ಭರ್ಜರಿ ಪೂಜೆ.

1042ರಲ್ಲಿ ಲಿಯಾವ್‌ನೋರು ಮತ್ತೆ ಕಣ್ಣು ಕೆಂಪು ಮಾಡಿದ್ರು, 3 ಲಕ್ಷ ಇದ್ದಿದ್ದು 5 ಲಕ್ಷ ಆಯ್ತು. ಈ ಸಲ ಜಗಳ ದುಡ್ಡಿಗಲ್ಲ, ಶಬ್ದಕ್ಕೆ. ಅವ್ರಿಗೆ ಪತ್ರದಲ್ಲಿ ಅರ್ಪಿಸ್ತೀವಿ ಅಂತ ಬೇಕು, ಇಲ್ಲಾಂದ್ರೆ ಸಲ್ಲಿಸ್ತೀವಿ ಅಂತಾದ್ರೂ ಬೇಕು. ಸಾಂಗ್ ದೂತ ಫು ಬಿ ಎರಡಕ್ಕೂ ಜಪ್ಪಯ್ಯ ಅಂದ್ರೂ ಒಪ್ಲಿಲ್ಲ, ವಾಪಸ್ ಬಂದು ನೀವೂ ಒಪ್ಬೇಡಿ ಅಂದ. ಆಸ್ಥಾನದೋರು ಕೂತು ಚರ್ಚೆ ಮಾಡಿ, ಸಲ್ಲಿಸ್ತೀವಿ ಅಂದ್ಬಿಟ್ರು.